ಬಲಗಿವಿಯ ಹಾಡುಗಳು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ತಮ್ಮ ಡಬ್ಬಾ,

ನೀನು ಚೆನ್ನಾಗಿದ್ದೀಯ ಅಂತ ನಿನ್ನ ಹೆಂಡತಿ ಹೇಳಿದಳು, ಹಾಗಾಗಿ ಕೇಳುವುದಿಲ್ಲ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಆರು ತಿಂಗಳಿಂದ ಒಂದು ಸಾಲೂ ಬರೆಯದ ನನ್ನನ್ನು ಬೈದುಕೊಳ್ಳುತ್ತಿರುತ್ತೀಯ. ಬೈಯಿ, ಆದರೆ ಪೂರ್ತಿ ಓದಿದ ಮೇಲೆ. ಫೋನು ಮಾಡಿದರೆ ನೀನು ‘ಹ್ಞೂಂ’ ಬಿಟ್ಟು ಇನ್ನೇನೂ ಅನ್ನುವುದಿಲ್ಲ. ನಾನೊಬ್ಬಳೇ ವಟಗುಟ್ಟಿ ಇಟ್ಟುಬಿಡುತ್ತೇನೆ.

ಆಲ್ಬಂ ಹೊರಗೆ ಬಂದು ಹತ್ತು ದಿನವಾಯಿತು. ಹನ್ನೊಂದು ಹಾಡು, ಎಲ್ಲ ನಾನೇ ಬರೆದದ್ದು. ಈ ವಯಸ್ಸಿನಲ್ಲಿ ರಾಕ್ ಹಾಡುವವಳನ್ನು ಯಾರು ಕೇಳುತ್ತಾರೆ, ಮುಳುಗಿಯೇ ಹೋಗುತ್ತದೆ ಅಂದುಕೊಂಡಿದ್ದೆ. ಮುಳುಗಲಿಲ್ಲ ಕಣೋ. ಸದ್ಯ!

ನಮ್ಮ ಸ್ಟುಡಿಯೋ ಇದ್ದದ್ದು ಒಂದು ಮುದ್ರಣಾಲಯದ ಮಹಡಿಯಲ್ಲಿ. ಕೆಳಗೆ ಯಂತ್ರ ಓಡುತ್ತಿದ್ದರೆ ಮೈಕಿನಲ್ಲಿ ಅದರದ್ದೇ ಸದ್ದು. ಅದು ನಿಲ್ಲುವುದು ಊಟದ ಹೊತ್ತಿನಲ್ಲಿ ಮಾತ್ರ. ನಾನು ಹಾಡಿದ್ದೆಲ್ಲ ಆ ಒಂದು ಗಂಟೆಯಲ್ಲಿ, ಖಾಲಿ ಹೊಟ್ಟೆಯಲ್ಲಿ. ‘ಈಕೆಯ ದನಿಯಲ್ಲೊಂದು ಹಸಿವಿದೆ’ ಅಂತ ಪತ್ರಿಕೆಯವನೊಬ್ಬ ಬರೆದಿದ್ದಾನೆ. ಇರದೆ ಏನು!

ಮೊದಲ ದಿನವೇ ರೆಕಾರ್ಡಿಂಗ್ ಎಂಜಿನಿಯರನಿಗೆ ಹೇಳಿದ್ದೆ: ಗಿಟಾರು ಎಡಕ್ಕೆ, ಕೀಬೋರ್ಡು ಬಲಕ್ಕೆ ಅಂತ ಹಂಚಬೇಡ, ಎಲ್ಲವೂ ಎರಡೂ ಕಡೆ ಒಂದೇ ಥರ ಕೇಳಬೇಕು.

“ಮೇಡಂ, ಈ ಕಾಲದಲ್ಲಿ ಯಾರು ಹೀಗೆ ಮಾಡ್ತಾರೆ? ದೇವರು ಎರಡು ಕಿವಿ ಯಾಕೆ ಕೊಟ್ಟಿದ್ದಾನೆ?” ಅಂದ.

“ಎಲ್ಲರಿಗೂ ಕೊಟ್ಟಿದ್ದಾನಾ? ನಾನು ಹೇಳಿದಷ್ಟು ಮಾಡಪ್ಪ” ಅಂದೆ. ಕಾರಣ ಹೇಳಲಿಲ್ಲ.

ಎಡಗಿವಿ ಕೇಳದವನು ಹೆಡ್‌ಫೋನು ಹಾಕಿಕೊಂಡರೆ ಅರ್ಧ ವಾದ್ಯಗಳು ಅವನ ಪಾಲಿಗೆ ಇಲ್ಲವೇ ಇಲ್ಲ ಅಂತ ನನಗೆ ಗೊತ್ತಾದದ್ದು ನಿನ್ನಿಂದಲೇ. ನನ್ನ ಹಿಂದಿನ ಆಲ್ಬಮ್ಮನ್ನು ನೀನು ಮೂರನೆಯ ಹಾಡಿಗೇ ನಿಲ್ಲಿಸಿದ್ದೆ. ಈ ಸಲ ಕೊನೆಯವರೆಗೆ ಕೇಳಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಎರಡು ತಿಂಗಳು ಎಡಗಿವಿಗೆ ಹತ್ತಿ ತುರುಕಿಕೊಂಡೇ ಓಡಾಡಿದೆ. ಮೂಲೆಯಂಗಡಿಯವನು ಎಡಗಡೆಯಿಂದ ಮೂರು ಸಲ ಕೂಗಿ, “ಪಾಪ, ಇಷ್ಟು ಬೇಗ ಹೀಗಾಯ್ತಲ್ಲ” ಅಂತ ಹೆಂಡತಿಗೆ ಹೇಳಿದ. ಅದು ಬಲಗಿವಿಗೆ ಚೆನ್ನಾಗಿಯೇ ಕೇಳಿಸಿತು.

ಕೊನೆಯ ಪ್ರತಿ ಕೈಗೆ ಬಂದಾಗ ಏಳನೆಯ ಹಾಡಿನಲ್ಲಿ ಎರಡನೆಯ ಗಿಟಾರೇ ಇಲ್ಲ! ಹತ್ತಿ ತೆಗೆದೆ, ಇತ್ತು. ಮತ್ತೆ ಇಟ್ಟೆ, ಮಾಯ.

ಎಂಜಿನಿಯರ್ ಹಲ್ಲುಕಿರಿದ. “ಒಂದು ಗಿಟಾರನ್ನ ಎಡಕ್ಕೆ ಸರಿಸಿ ಸ್ವಲ್ಪ ಅಗಲ ಮಾಡಿದೆ ಮೇಡಂ. ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ.”

ಕೆಂಡಾಮಂಡಲವಾದೆ. ನನ್ನ ಕೂಗಾಟಕ್ಕೆ ಕೆಳಗಿನವರು ಯಂತ್ರ ನಿಲ್ಲಿಸಿ ಮೇಲೆ ಹತ್ತಿ ಬಂದರು. ಕೊನೆಗೆ ಬಾಯಿಬಿಟ್ಟೆ: “ನನ್ನ ತಮ್ಮನಿಗೆ ಕೇಳೋದು ಒಂದೇ ಕಿವಿ ಕಣಪ್ಪ.” ಅವನು ಕೈ ಚಾಚಿ “ಹತ್ತಿ ಇದ್ರೆ ಕೊಡಿ” ಅಂದ. ತಾನೂ ಎಡಗಿವಿ ಮುಚ್ಚಿಕೊಂಡು ಮೂರು ದಿನ ಕೂತು ಹನ್ನೊಂದನ್ನೂ ಮತ್ತೆ ಸರಿಮಾಡಿದ.

ಈಗ ಒಂದು ಪತ್ರಿಕೆ ಇದನ್ನು ‘ದಿಟ್ಟ ಪ್ರಯೋಗ’ ಅಂದಿದೆ, ಇನ್ನೊಂದು ‘ಹಳೇಕಾಲದವಳ ಹಠ’ ಅಂದಿದೆ. ಎರಡೂ ಇರಲಿ. ಮೊನ್ನೆ ಕಾರ್ಯಕ್ರಮದಲ್ಲಿ, ನನ್ನ ಅರ್ಧ ವಯಸ್ಸಿನವರು ಮುಂದಿನ ಸಾಲಿನಲ್ಲಿ ನಿಂತು ಪ್ರತಿ ಮಾತನ್ನೂ ನನ್ನ ಜೊತೆ ಹಾಡಿದರು. ಸಂತೋಷವಾಯಿತು, ನಿಜ. ಆದರೂ ನಿನ್ನ ಮನೆಯಿಂದ ಸುದ್ದಿ ಬರುವವರೆಗೆ ಊಟ ಸೇರಲಿಲ್ಲ.

ನಿನ್ನೆ ನಿನ್ನ ಹೆಂಡತಿಯ ಫೋನು ಬಂತು. “ಅಕ್ಕಾ, ಇವರು ಅಡುಗೆಮನೆ ಕಟ್ಟೆ ಮೇಲೆ ಕೂತು ಹನ್ನೊಂದೂ ಕೇಳಿದ್ರು. ಮಧ್ಯ ಏಳಲೇ ಇಲ್ಲ.”

“ಏನಂದ?”

“ಏನೂ ಅನ್ಲಿಲ್ಲ. ಕಾಲು ಮಾತ್ರ ತಾಳ ಹಾಕ್ತಾನೇ ಇತ್ತು.”

ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಆಮೇಲೆ ಹೊಟ್ಟೆತುಂಬ ಉಂಡು ಮಲಗಿದೆ.

ನೂರು ಕಾಲ ತಣ್ಣಗೆ ಬಾಳು. ಹೆಂಡತಿಯನ್ನು ಗೋಳುಹೊಯ್ದುಕೊಳ್ಳಬೇಡ. ಮಕ್ಕಳ ಕೆನ್ನೆಗೆ ನನ್ನದೊಂದೊಂದು ಮುತ್ತು.

ನಿನ್ನ
ಅಕ್ಕ

ಸಹಿ ಹಾಕಿದ ಮೇಲೆ ಬರೆದದ್ದು: ಸಂದರ್ಶನಕ್ಕೆ ಬಂದವಳು, ನಿಮ್ಮ ತಮ್ಮ ಡ್ರಮ್ಸ್ ಬಿಟ್ಟದ್ದು ಯಾಕೆ ಅಂತ ಕೇಳಿದಳು. ಹದಿನಾಲ್ಕು ವರ್ಷದಿಂದ ಹೇಳುವುದನ್ನೇ ಹೇಳಿದೆ: ‘ಕಿವಿನೋವನ್ನು ಯಾರಿಗೂ ಹೇಳದೆ ನುಂಗಿಕೊಂಡ.’ ಅದು ಸುಳ್ಳು, ನೀನು ನನಗೆ ಹೇಳಿದ್ದೆ. ನಮ್ಮ ತಂಡದ ಆ ಪ್ರವಾಸದ ನಾಲ್ಕನೆಯ ಊರಿನಲ್ಲಿ, ವೇದಿಕೆಯ ಹಿಂದೆ, ನನ್ನ ತೋಳು ಹಿಡಿದು “ಅಕ್ಕಾ, ಎಡಗಿವಿ ಗುಂಯ್ ಅಂತಿದೆ, ನಿಲ್ತಾನೇ ಇಲ್ಲ, ಇವತ್ತು ಬೇಡ” ಅಂದಿದ್ದೆ. “ಇನ್ನೆರಡೇ ಕಾರ್ಯಕ್ರಮ, ತಡ್ಕೋ” ಅಂದವಳು ನಾನು. ಮೊದಲೇ ಯಾಕೆ ಹೇಳಲಿಲ್ಲ ಅಂತ ವೈದ್ಯರು ನಿನ್ನನ್ನು ಗದರಿಸಿದಾಗ, ಅಮ್ಮ ನಿನ್ನನ್ನೇ ಬೈದಾಗ, ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ನೀನೂ ನನ್ನ ಕಡೆ ನೋಡಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. “ಅಷ್ಟು ದಿನ ನಾನು ಅವನನ್ನ ಬೈದ್ನಲ್ಲೇ” ಅಂದಳು.