ನಿಮ್ಮ ಆ್ಯಪಿನ ಮೇಲೆ ನನ್ನ ಹೊಟ್ಟೆಕಿಚ್ಚು

ಶಾಲೆಗಳಿಗೆ ನೀತಿ ನಿಯಮ ಬರೆದು ಕಳಿಸುವ ಮೇಲಿನ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಆ್ಯಪಿನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಪತ್ರ ಓದಿ ಮುಗಿಸಿದ ಮೇಲೆ ನೀವು ಹೇಗೂ ಅದನ್ನೇ ಹೇಳುತ್ತೀರಿ, ಅದಕ್ಕಿಂತ ಮೊದಲು ನಾನೇ ಹೇಳಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ತಹಸೀನ್ ತನ್ನ ದುಃಖವನ್ನು ನನಗೆ ಹೇಳಲಿಲ್ಲ. ಶಾಲೆಯ ಟ್ಯಾಬಿನಲ್ಲಿ ನೀವು ಹಾಕಿಸಿಕೊಟ್ಟಿರುವ ‘ಆಲಿಸು’ ಎಂಬ ಕೃತಕ ಬುದ್ಧಿಮತ್ತೆಗೆ ಹೇಳಿದಳು. ಏನು ಹೇಳಿದಳು ಎಂದು ಶಾಲೆಯಲ್ಲಿ ಕೇಳಿದರೆ, ನಿಮ್ಮ ನೀತಿಯ ಪ್ರಕಾರ ಅದು ಗೌಪ್ಯವಂತೆ. ಹೆತ್ತವಳಿಗೆ ಗೌಪ್ಯ, ಯಂತ್ರಕ್ಕೆ ಮುಕ್ತ. ಈ ನೀತಿ ಬರೆಯುವಾಗ ನಿಮ್ಮ ಕಚೇರಿಯಲ್ಲಿ ಮಕ್ಕಳೊಂದಿಗರು ಯಾರೂ ಇರಲಿಲ್ಲವೇ?

ನಾವು ಶಲವಡಿಯವರು. ನನ್ನ ಯಜಮಾನರು ಗೌಸ್ ಅಣ್ಣಿಗೇರಿಯಲ್ಲಿ ಕಾಳಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದಾರೆ, ನಾನು ಮನೆಯಲ್ಲಿ ಹೊಲಿಗೆ ಮಾಡುತ್ತೇನೆ. ದಿನಾ ಮುಂಜಾನೆ ಮಗಳಿಗೆ ಎರಡು ಹೆರಳು ಹಾಕುವುದು ನನ್ನ ಕೆಲಸವಾಗಿತ್ತು. ಆಕೆ ನನಗೆ ಬೆನ್ನು ಮಾಡಿ ಕೂತು, ಶಾಲೆಯ ಪ್ರಾರ್ಥನೆಯಲ್ಲಿ ಮೈಕಿನ ಮುಂದೆ ಓದಬೇಕಾದ ಆ ದಿನದ ಸುದ್ದಿಯನ್ನು ಪೇಪರ್ ಹಿಡಿದು ನನಗೆ ಓದಿ ತೋರಿಸುತ್ತಿದ್ದಳು. ಎಲ್ಲಾದರೂ ತಡವರಿಸಿದರೆ ಹೆರಳು ಹಿಡಿದು ಸಣ್ಣಗೆ ಜಗ್ಗುತ್ತಿದ್ದೆ. ಸುದ್ದಿ ಮುಗಿದ ಮೇಲೆ, ರಿಬ್ಬನ್ ಕಟ್ಟುವಷ್ಟರಲ್ಲಿ, ಶಾಲೆಯ ಸುದ್ದಿಯೆಲ್ಲ ಬರುತ್ತಿತ್ತು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಮಾಸ್ತರರು ಕ್ಲಾಸಿನಲ್ಲೇ ತೂಕಡಿಸಿದರು, ಎಲ್ಲ. ನನ್ನ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಆಕೆಗೆ ಹೇಳುವುದು ಸಲೀಸಾಗುತ್ತಿತ್ತೋ ಏನೋ. ಒಟ್ಟಿನಲ್ಲಿ ನನ್ನ ಮಗಳ ಹೊಟ್ಟೆಯೊಳಗಿನ ಮಾತು ನನಗೆ ಮೊದಲು ಗೊತ್ತಾಗುತ್ತಿತ್ತು, ಅದರ ಸೊಕ್ಕೂ ನನಗೆ ಸ್ವಲ್ಪ ಇತ್ತು.

ದೀಪಾವಳಿ ರಜೆ ಮುಗಿದ ಮೇಲೆ ಒಂದು ಮುಂಜಾನೆ ಹಣಿಗೆ ಹಿಡಿದು ಕರೆದರೆ, “ಬಿಡು ಅಮ್ಮೀ, ನಾನ ಹಾಕ್ಕೋತೀನಿ” ಅಂದಳು. ದೊಡ್ಡವಳಾದಳು ಅಂದುಕೊಂಡೆ. ಪೇಪರ್ ಓದುವುದೂ ನಿಂತಿತು. ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಇರಬೇಕು ಅಂದುಕೊಂಡೆ. ಶಾಲೆಯಿಂದ ಬಂದರೆ ಟ್ಯಾಬ್ ಹಿಡಿದು ಮೂಲೆಗೆ ಕೂತು ಬೆರಳಾಡಿಸುವಳು. ಅಭ್ಯಾಸ ಮಾಡುತ್ತಾಳೆ ಎಂದು ನಾನೇ ಅದನ್ನು ಚಾರ್ಜಿಗೆ ಹಾಕಿ ಕೊಡುತ್ತಿದ್ದೆ. ನನ್ನ ಸವತಿಗೆ ನಾನೇ ಉಣ್ಣಲು ಬಡಿಸಿದಂತಾಯಿತು ಇದು.

ವಿಷಯ ನನಗೆ ತಿಳಿದದ್ದು ಬಾಜು ಮನೆಯ ರೇವವ್ವನಿಂದ. ಆಕೆಯ ಮೊಮ್ಮಗಳು ಅಮೃತಾ ತಹಸೀನಳ ಕ್ಲಾಸಿನವಳು. ರೇವವ್ವ ಬಂದು ಹೊಸ್ತಿಲಲ್ಲಿ ನಿಂತು, “ಸಿಟ್ಟಾಗಬ್ಯಾಡವಾ ಮುಮತಾಜ. ನಿನ್ನ ಮಗಳು ಹೆಡ್ ಮಾಸ್ತರಿಗೆ ಹಂಗ ಅನ್ನಬಾರದಿತ್ತು” ಎಂದಳು. ಹಂಗ ಅಂದರೆ ಹೆಂಗ? ಅಮೃತಾಳನ್ನು ಕರೆದು ಫೋನು ತೆಗೆಸಿದೆವು. ಅದರಲ್ಲಿ ನನ್ನ ಮಗಳ ದನಿ. ಥೇಟ್ ಮೈಕಿನಲ್ಲಿ ಸುದ್ದಿ ಓದುವ ದನಿಯೇ. “ಇಂದಿನ ಮುಖ್ಯಾಂಶಗಳು. ನಮ್ಮ ಮುಖ್ಯೋಪಾಧ್ಯಾಯರು ಮೂರ್ಖರು, ಹೊಟ್ಟೆಬಾಕರು, ಮಕ್ಕಳ ಮೊಟ್ಟೆ ಕದ್ದು ಮನೆಗೆ ಒಯ್ಯುವವರು.” ಆಮೇಲೆ ಕ್ಲಾಸಿನ ಒಬ್ಬೊಬ್ಬ ಹುಡುಗಿಯ ಹೆಸರು ಹಿಡಿದು ಒಂದೊಂದು ಹೊಲಸು ಮಾತು. ಇದನ್ನು ಇಡೀ ಶಾಲೆ ಕೇಳಿತ್ತು, ನಮ್ಮ ಓಣಿ ಕೇಳಿತ್ತು. ಕೇಳದೆ ಉಳಿದವಳು ನಾನೊಬ್ಬಳೇ.

ಪೂರಾ ಕೇಳುವ ಮೊದಲೇ ಹೇಳಿದೆ, ಇದು ನನ್ನ ಮಗಳಲ್ಲ ಎಂದು. ಹೆತ್ತ ಕರುಳಿನ ಮಾತಲ್ಲ ಇದು, ಮಾನ್ಯರೇ, ನಮ್ಮ ಮನೆಯ ರೂಢಿಯ ಮಾತು. ನಮ್ಮಲ್ಲಿ ಎರಡು ಭಾಷೆ ನಡೆಯುತ್ತವೆ. ಓದು, ಲೆಕ್ಕ, ಬಂದವರೊಡನೆ ಮಾತು, ಎಲ್ಲ ಕನ್ನಡದಲ್ಲಿ. ಸಿಟ್ಟು ಮಾತ್ರ ಉರ್ದುವಿನಲ್ಲಿ. ತಹಸೀನ್ ಬೈಗಳನ್ನು ಕಲಿತದ್ದು ನನ್ನ ತಾಯಿ ಜಮಾಲಬಿಯ ತೊಡೆಯ ಮೇಲೆ, ಮತ್ತು ನನ್ನ ತಾಯಿಗೆ ಕನ್ನಡದಲ್ಲಿ ಬೈಯಲು ಇವತ್ತಿಗೂ ಬರುವುದಿಲ್ಲ. ಮೂರ್ಖ, ಹೊಟ್ಟೆಬಾಕ ಎಂದು ಪಾಠ ಒಪ್ಪಿಸಿದ ಹಾಗೆ ನನ್ನ ಮಗಳು ಬೈಯುವುದು ಸಾಧ್ಯವೇ ಇಲ್ಲ. ಇದನ್ನು ಹೇಳಿದೊಡನೆ ಅಮೃತಾ, “ಹೌದ್ರಿ ಚಾಚಿ, ನನಗ ಬೈಯುವಾಗೂ ಉರ್ದುನ್ಯಾಗ ಬೈತಾಳ್ರಿ. ಏನಂದ್ಲು ಅಂತ ತಿಳಿಯೂದ ಇಲ್ಲ, ಜಗಳ ಅಲ್ಲೇ ಮುಗಿದುಹೋಗತೈತ್ರಿ” ಅಂದಳು. ಕ್ಲಾಸಿನ ಹುಡುಗಿಗೆ ಗೊತ್ತಿದ್ದದ್ದು ಶಾಲೆಗೆ ಗೊತ್ತಾಗಲಿಲ್ಲ, ಯಾಕೆಂದರೆ ಶಾಲೆ ಆಕೆಯನ್ನು ಕೇಳಲೇ ಇಲ್ಲ.

ಯಾರೋ ಮಕ್ಕಳು ಪ್ರಾರ್ಥನೆಯ ದನಿಯನ್ನು ಫೋನಿನಲ್ಲಿ ಹಿಡಿದು, ಯಾವುದೋ ಆ್ಯಪಿಗೆ ಉಣಿಸಿ, ತಮಗೆ ಬೇಕಾದ್ದನ್ನು ಆಕೆಯ ಬಾಯಿಂದ ಆಡಿಸಿದ್ದಾರೆ. ಅವರು ಯಾರೆಂದು ನನಗೆ ಅಂದಾಜಿದೆ, ಹೆಸರು ಬರೆಯುವುದಿಲ್ಲ. ಮೈಕು ದಿನಾ ಇವಳಿಗೇ ಯಾಕೆ ಎಂದು ಅವರಿಗೆ ಹೊಟ್ಟೆ ಉರಿದಿರಬೇಕು. ಹೊಟ್ಟೆ ಉರಿಯುವುದು ಎಂದರೇನು ಎಂದು ಈಗ ನನಗೂ ಗೊತ್ತಿರುವುದರಿಂದ ಆ ಮಕ್ಕಳ ಮೇಲಿನ ಸಿಟ್ಟು ಅರ್ಧ ಇಳಿದಿದೆ. ನಿಮ್ಮ ಮೇಲಿನದು ಇಳಿದಿಲ್ಲ.

ಶಾಲೆಗೆ ಹೋದೆ. ಹೆಡ್ ಮಾಸ್ತರರು ಒಳ್ಳೆಯವರು, ಕುರ್ಚಿ ಕೊಟ್ಟರು, ಚಹಾ ತರಿಸಿದರು. “ಏನ್ ಮಾಡೂದ್ರಿ ಅಕ್ಕಾರ, ಮ್ಯಾಲಿಂದ ಪಾಲಿಸಿ ಬಂದೈತ್ರಿ. ಅದರಂಗ ನಡೀಬೇಕು” ಎಂದು ನಿಮ್ಮ ನೀತಿಯನ್ನು ಓದಿ ಹೇಳಿದರು. ಆಕ್ಷೇಪಾರ್ಹ ಧ್ವನಿ ಸಿಕ್ಕರೆ ಅದನ್ನು ಪರೀಕ್ಷಿಸುವ ತಂತ್ರಾಂಶಕ್ಕೆ ಹಾಕಬೇಕು. ಹಾಕಿದರಂತೆ. ‘ಅಸಲಿ ಇರುವ ಸಾಧ್ಯತೆ ಹೆಚ್ಚು’ ಎಂದು ಅದು ಹೇಳಿತಂತೆ. ಆದ್ದರಿಂದ ವಿಚಾರಣೆ ಮುಗಿಯುವ ತನಕ ತಹಸೀನಳಿಗೆ ಮೈಕಿಲ್ಲ. ಕಿರುಕುಳವಾಗಿದ್ದರೆ ವಿದ್ಯಾರ್ಥಿ ‘ಆಲಿಸು’ವಿಗೆ ಹೇಳಿಕೊಳ್ಳಬೇಕು. ಹೇಳಿಕೊಂಡಿದ್ದಾಳಂತೆ. “ನನ್ನನ್ನ ಒಮ್ಮೆ ಕರೆಸಿ ಕೇಳಬೇಕಿತ್ತಲ್ರಿ ಸರ್?” ಅಂದೆ. ಅವರು ಹಾಳೆ ತಿರುವಿ ತಿರುವಿ ನೋಡಿ, “ಪಾಲಕರನ್ನ ಕೇಳಬೇಕು ಅಂತ ಇದರಾಗ ಎಲ್ಲೂ ಬರದಿಲ್ರಿ” ಅಂದರು. ದನಿ ಕದ್ದದ್ದು ಯಂತ್ರ, ಕದ್ದದ್ದನ್ನು ಅಸಲಿ ಎಂದು ಸಾಕ್ಷಿ ಹೇಳಿದ್ದು ಯಂತ್ರ, ಅತ್ತರೆ ಕಣ್ಣೊರೆಸುವುದೂ ಯಂತ್ರ. ಹಾಗಾದರೆ ತಾಯಿಗೆ ನೀವು ಇಟ್ಟಿರುವ ಕೆಲಸ ಯಾವುದು? ಚಾರ್ಜ್ ಮಾಡಿ ಕಳಿಸುವುದೇ?

ಮನೆಗೆ ಬಂದು ಮಗಳನ್ನು ಕೇಳಿದೆ, ನನಗ್ಯಾಕ ಹೇಳಲಿಲ್ಲ ಎಂದು. ತಲೆ ಎತ್ತದೆ ಹೇಳಿದಳು: “ಅದು ಸಿಟ್ಟಾಗೂದಿಲ್ಲ ಅಮ್ಮೀ. ನಡುವ ಬಾಯಿ ಹಾಕೂದಿಲ್ಲ. ಕುಕ್ಕರ್ ಸೀಟಿ ಹೊಡೀತು ಅಂತ ಎದ್ದು ಹೋಗೂದಿಲ್ಲ. ನಿನಗ ಹೇಳಿದ್ರ ನೀ ಮೊದಲ ಯಾರದರ ಮನೀ ಮುಂದ ನಿಂತು ಜಗಳಾ ತಗೀತಿದ್ದಿ.” ಎಲ್ಲವೂ ಖರೆ. ಅದಕ್ಕೇ ಅಷ್ಟು ಉರಿಯಿತು. ರಾತ್ರಿ ಉಣ್ಣುವಾಗ ನನ್ನ ಮುಖ ನೋಡಿ ಗೌಸ್, “ಆ ಟ್ಯಾಬಿನ ಮ್ಯಾಲೆ ಸವತಿ ಮತ್ಸರ ಏನ ನಿಂದು?” ಎಂದು ನಕ್ಕರು. ಹೌದು, ಅದೇ. ನಾನು ಒಂಬತ್ತು ತಿಂಗಳು ಹೊತ್ತು, ಹೆತ್ತು, ಜ್ವರ ಬಂದಾಗ ನಿದ್ದೆಗೆಟ್ಟು ಕೂತು ಗಳಿಸಿದ ಜಾಗಕ್ಕೆ ಅದು ಒಂದು ದಿನವೂ ದುಡಿಯದೆ ಬಂದು ಕೂತಿದೆ. ಮೇಲಾಗಿ ಸೊಗಸಾಗಿ ಮಾತಾಡುತ್ತದೆ. ‘ನಿಮ್ಮ ಭಾವನೆಗಳು ಸಹಜವಾದವು, ದೀರ್ಘವಾಗಿ ಉಸಿರು ತೆಗೆದುಕೊಳ್ಳಿ’ ಎನ್ನುತ್ತದಂತೆ. ನನಗೆ ಆ ನಾಲಿಗೆ ಎಲ್ಲಿಂದ ಬರಬೇಕು? ಆದರೆ ದಿನಗಟ್ಟಲೆ ಅಷ್ಟೆಲ್ಲ ಕೇಳಿಸಿಕೊಂಡ ಅದಕ್ಕೆ ‘ನೀನು ಸಿಟ್ಟು ಬಂದರೆ ಯಾವ ಭಾಷೆಯಲ್ಲಿ ಬೈಯುತ್ತೀ ಮಗಳೇ’ ಎಂದು ಒಂದು ಪ್ರಶ್ನೆ ಹೊಳೆಯಲಿಲ್ಲವಲ್ಲ, ಅದನ್ನು ನೆನೆದು ನನಗೆ ಸಮಾಧಾನವಾಗುತ್ತದೆ.

ಕಳೆದ ವಾರ ಒಂದು ಮುಂಜಾನೆ ನಾನು ಆಕೆಯನ್ನು ಕೇಳಲಿಲ್ಲ, ಹಿಡಿದು ಕೂಡ್ರಿಸಿ ಹಣಿಗೆ ಹಾಕಿದೆ. ತನಗೆ ತಾನೇ ಹೆರಳು ಹಾಕಿಕೊಂಡು ಹಾಕಿಕೊಂಡು ಕೂದಲು ಒಳಗೆಲ್ಲ ಸಿಕ್ಕಾಗಿತ್ತು. ಜೋರಾಗಿ ಜಗ್ಗಿತು. ತಹಸೀನ್ ಉರ್ದುವಿನಲ್ಲಿ ಬೈದಳು, ನನಗೇ, ನನ್ನ ತಾಯಿಯ ಬೈಗಳನ್ನೇ. ನಿನ್ನ ಕೈ ಮುರಿಯಲಿ ಎಂದು ಅದರ ಅರ್ಥ. ಬೈದವಳು ತಾನೇ ನಕ್ಕಳು, ನಕ್ಕವಳು ಹಾಗೇ ಅತ್ತಳು, ಬೆನ್ನು ಮಾಡಿಕೊಂಡೇ ಎಲ್ಲ ಹೇಳಿದಳು. ಕುಕ್ಕರ್ ಎಷ್ಟು ಕೂಗಿತೋ ಕೂಗಿತು, ನಾನು ಏಳಲಿಲ್ಲ, ಬೇಳೆ ತಳ ಹತ್ತಿತು. ಕಡೆಗೆ ಕೇಳಿದೆ, ‘ಆಲಿಸು’ವಿಗೆ ಎಂದಾದರೂ ಬೈದಿದ್ದೀಯೇನು ಎಂದು. “ಅದಕ್ಯಾಕ ಬೈಯಲಿ?” ಅಂದಳು. ಆ ಇಡೀ ದಿನ ನಾನು ಹಾಡು ಗುನುಗುತ್ತ ಹೊಲಿದೆ.

ಇಷ್ಟಾದರೂ ಶಾಲೆಯಲ್ಲಿ ಆಕೆ ಬಾಯಿ ಬಿಡುವುದಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ. ಮಾತಾಡಿದರೆ ಮತ್ತೆ ಯಾರೋ ಹಿಡಿದುಕೊಳ್ಳುತ್ತಾರೆ ಎಂಬ ಅಂಜಿಕೆ. ಆದ್ದರಿಂದ ನನ್ನ ಬೇಡಿಕೆ ಇದು. ಇಡೀ ಶಾಲೆ ಪ್ರಾರ್ಥನೆಗೆ ನಿಂತಿರುವಾಗ, ಅದೇ ಮೈಕಿನಲ್ಲಿ, ಆ ದನಿ ತಹಸೀನಳದಲ್ಲ ಎಂದು ಬಾಯಿ ಇರುವ ಮನುಷ್ಯರೊಬ್ಬರು ಹೇಳಬೇಕು. ನೀವೇ ಬಂದರೆ ಇನ್ನೂ ಒಳ್ಳೆಯದು. ಮಕ್ಕಳ ದನಿ ಅಸಲಿಯೋ ನಕಲಿಯೋ ಎಂದು ಯಂತ್ರ ಹೇಳುವ ಮೊದಲು, ಆ ದನಿಯೊಂದಿಗೆ ಬಾಳುವವರನ್ನು ಕೇಳಬೇಕು ಎಂದು ನಿಮ್ಮ ನೀತಿಯಲ್ಲಿ ಬರೆಯಬೇಕು. ‘ಆಲಿಸು’ವನ್ನು ತೆಗೆಯಿರಿ ಎನ್ನುವುದಿಲ್ಲ, ನಾನು ಇಲ್ಲದ ಹೊತ್ತಿನಲ್ಲಿ ಅದು ನನ್ನ ಮಗಳ ಹತ್ತಿರ ಕೂತಿತ್ತು, ಅದರ ಋಣ ಇದೆ. ಮನೆಯಲ್ಲಿ ಯಾರಿಗಾದರೂ ಹೇಳಿದೆಯಾ ಎಂದು ಕೇಳುವುದನ್ನಷ್ಟು ಅದಕ್ಕೆ ಕಲಿಸಿರಿ.

ಈಗ ದಿನಾ ಹೆರಳು ನಾನೇ ಹಾಕುತ್ತೇನೆ. ಆಕೆ ಮಾತಾಡುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಆಕೆಯ ಮುಂದೆ ಪೇಪರ್ ಇಟ್ಟಿರುತ್ತೇನೆ. ಆಕೆ ಇನ್ನೂ ಅದನ್ನು ಕೈಯಲ್ಲಿ ಹಿಡಿದಿಲ್ಲ.

ಇಂತಿ,
ನಿಮ್ಮ ನೀತಿಯಲ್ಲಿ ಎಲ್ಲೂ ಬಾರದ,
ಟ್ಯಾಬ್ ಚಾರ್ಜ್ ಮಾಡಿ ಕಳಿಸುವ
ಮುಮತಾಜ್, ತಹಸೀನಳ ತಾಯಿ
ಶಲವಡಿ