ನೀಲಿ ಫೋನಿನ ಹಾಡು

ಆಗಸ್ಟ್ 4, ಸೋಮವಾರ

ಇವತ್ತೂ ಲೇಟ್. ಲ್ಯಾಬಿಂದ ನೇರ ಓಡಿದೆ, ಏಪ್ರನ್ ಬಿಚ್ಚೋಕೂ ಪುರುಸೊತ್ತಿಲ್ಲ. ಪ್ರಾಕ್ಟೀಸು ಹಾಸ್ಟೆಲಿನ ಲಾಂಡ್ರಿ ರೂಮಲ್ಲಿ. ಕೆಟ್ಟು ನಿಂತ ವಾಷಿಂಗ್ ಮೆಷಿನ್ ಮೇಲೆ ಆಂಪ್ಲಿಫೈಯರ್, ಒಣಹಾಕಿದ ಬೆಡ್‌ಶೀಟುಗಳ ನಡುವೆ ಡ್ರಮ್ಸು. ಯಾರದೋ ಟವೆಲ್ಲು ಡ್ರಮ್ಸಿನ ತಾಳದ ತಟ್ಟೆ ಮೇಲೆ ತೊಟ್ಟಿಕ್ತಿತ್ತು.

"ಬಂದ್ಳಮ್ಮ ಪ್ರಿಫೆಕ್ಟು," ಅಂದ್ಳು ಡಬ್ಬಿ. ಬಿಸ್ಕತ್ ಡಬ್ಬಿ ಬಾರಿಸಿ ಡ್ರಮ್ಸ್ ಕಲಿತವಳು, ಅದಕ್ಕೇ ಆ ಹೆಸರು. "ಈಗ ಸಾರಿ ಶುರು ಮಾಡ್ತಾಳೆ ನೋಡು."

ಸಾರಿ ಅಂದೆ. ಡಬ್ಬಿ, ಕಿಡಿ ಅಕ್ಕ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಪ್ರಿಫೆಕ್ಟ್, ಅಂದ್ರೆ ಶಿಸ್ತಿನ ಸ್ಕೂಲ್ ಲೀಡರ್, ಅಂತ ನನಗೆ ಹೆಸರಿಟ್ಟಿದ್ದು ಕಿಡಿ ಅಕ್ಕ. ಫೈನಲ್ ಇಯರ್, ದಿನಾ ಮನೆಯಿಂದಲೇ ಬರೋಳು. ಗಿಟಾರೂ ಅವಳೇ, ಹಾಡೂ ಅವಳೇ, ಪಂಕ್ ಅನ್ನೋ ಸಿಟ್ಟಿನ, ಕಿರುಚಾಟದ ಸಂಗೀತ ಅಂದ್ರೆ ಏನು ಅಂತ ಈ ಕಾಲೇಜಿಗೆ ಹೇಳಿಕೊಟ್ಟವಳೂ ಅವಳೇ. ನನ್ನ ಮಂಚ ನೋಡಿ ಮೊದಲ ದಿನವೇ ಹೇಳಿಬಿಟ್ಳು, "ನೀನು ಸಣ್ಣೋಳಿದ್ದಾಗಿಂದ ಹಾಸ್ಟೆಲು. ಮನೇಲಿ ಬೆಳೆದೋರು ಯಾರೂ ಬೆಡ್‌ಶೀಟನ್ನ ಹೀಗೆ ಎಳೆದು ಕಟ್ಟಲ್ಲ ಕಣೇ." ಬೇಸ್ ಗಿಟಾರ್ ಕಲಿಸಿದ್ಳು. "ನಾಲ್ಕೇ ತಂತಿ. ಅಷ್ಟಕ್ಕೂ ಭಯನಾ?"

ಭಯಾನೇ. ಆದ್ರೂ ವಾರದಲ್ಲಿ ನನಗೆ ಉಸಿರಾಡೋಕಾಗೋದು ಅಲ್ಲಿ ಮಾತ್ರ.

ಆಗಸ್ಟ್ 20

ಉಗಿಯೋ ರೌಂಡ್. ಪ್ಲಗ್ ಹಾಕೋ ಮುಂಚೆ ಬಕೆಟ್ ಬೋರಲು ಹಾಕ್ಕೊಂಡು ಕೂತು, ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನ ಒಬ್ಬೊಬ್ಬರೂ ಹೇಳಬೇಕು. ಹಾಡು ಹುಟ್ಟೋದೇ ಅಲ್ಲಿಂದ. ಕಿಡಿ ಅಕ್ಕನ ಕಾನೂನು ಎರಡೇ: ಹೇಳಿದ್ದು ಬಾಗಿಲು ದಾಟಬಾರದು. ಹಾಡಾದ್ರೆ, ಯಾರ ಸಿಟ್ಟೋ ಅವರೇ ಹಾಡಬೇಕು.

ಇಷ್ಟು ದಿನ ಮೆಸ್ಸು, ಅಟೆಂಡೆನ್ಸು ಅಂತ ತೇಲಿಸ್ತಿದ್ದೆ. ಇವತ್ತು ಅದೇನಾಯ್ತೋ, ಬಾಯಿ ಬಿಟ್ಟೆ.

ಸ್ಕೂಲ್ ಕಾರಿಡಾರಿನ ಕೊನೇಲಿ, ಬಾಗಿಲ ಹಿಂದೆ ನೀಲಿ ಫೋನು. ಭಾನುವಾರ ಮಧ್ಯಾಹ್ನ ಮನೆಯವರು ಅವರವರ ಹೊತ್ತಿಗೆ ಮಾಡ್ತಿದ್ರು; ಬೆಲ್ ಕೆಟ್ಟಿತ್ತು, ನಾವು ಕ್ಯೂ ನಿಂತು ಸರದಿಗೆ ಎತ್ತುತ್ತಿದ್ವಿ. ಅಡ್ಮಿಷನ್ ದಿನ ಅಮ್ಮ ಆ ಫೋನ್ ಮೇಲೆ ಕೈಯಾಡಿಸಿ, "ಎಷ್ಟು ಚೆಂದ ಇದೆ ನೋಡು, ಪ್ರತಿ ವಾರ ಮಾಡ್ತೀನಿ" ಅಂದಿದ್ಳು. ಆಗ್ಲಿಲ್ಲ. ಅಪ್ಪ ಹೋದ ಮೇಲೆ ಅವಳೊಬ್ಬಳೇ, ಆಸ್ಪತ್ರೇಲಿ ನರ್ಸು, ಭಾನುವಾರ ಡಬಲ್ ಡ್ಯೂಟಿ. ನನ್ನ ಸರದಿ ಬಂದಾಗ ರಿಸೀವರ್ ಎತ್ತಿ ಸುಮ್ನೆ ಮಾತಾಡ್ತಿದ್ದೆ. ಹಿಂದಿನವರಿಗೆ ಗೊತ್ತಾಗಬಾರದಲ್ಲ. "ಊಟ ಆಯ್ತಮ್ಮ. ನಿದ್ದೆ ಬಂತಮ್ಮ. ಹ್ಞೂಂ ಅಮ್ಮ." ಆ ಕಡೆ ಬರೀ ಗುಂಯ್.

ರಜೇಲಿ ಅಮ್ಮ ಬೇಜಾರು ಮಾಡ್ಕೊಂಡ್ರೆ, "ಅಯ್ಯೋ, ನಾನು ಆಟದಲ್ಲಿರ್ತೀನಿ, ಫೋನ್ ಯಾರಿಗೆ ಬೇಕು" ಅಂತಿದ್ದೆ. ಅವಳು ನಂಬಿದ್ದಾಳೆ. ಇವತ್ತಿಗೂ. ನಂಬಿಕೊಂಡೇ ಇರಬೇಕು.

ಡಬ್ಬಿ ಕಣ್ಣೊರೆಸಿಕೊಂಡ್ಳು. ಕಿಡಿ ಅಕ್ಕ ತಲೆ ನೇವರಿಸಿದ್ಳು. ಎಷ್ಟು ಹಗುರ ಆಯ್ತು...

ಸೆಪ್ಟೆಂಬರ್ 5

ಹೊಸ ಟ್ಯೂನು. ನನಗೆ ಎರಡೇ ನೋಟು, ಆದ್ರೆ ಕುದುರೆ ಓಟ. ಬೆರಳಲ್ಲಿ ಬೊಬ್ಬೆ. "ಲಿರಿಕ್ಸ್?" ಅಂದೆ. "ಇನ್ನೂ ಬೇಯ್ತಾ ಇದೆ," ಅಂದ್ಳು ಕಿಡಿ ಅಕ್ಕ.

ಸೆಪ್ಟೆಂಬರ್ 12, ಸಂಜೆ

ಬೇಸ್ ಅಲ್ಲೇ ಬಿಟ್ಟು ರೂಮಿಗೆ ಬಂದು ಬರೀತಿದೀನಿ.

ಕಾಲೇಜ್ ಡೇ. ಸ್ಟೇಜ್ ಮೇಲೆ ಕೊನೇ ಹಾಡು, ಆ ಹೊಸದು. ನನ್ನ ಎರಡು ನೋಟು ಶುರು ಮಾಡಿದೆ. ಕಿಡಿ ಅಕ್ಕ ಮೈಕ್ ಹಿಡಿದು ಕಿರುಚಿದ್ಳು:

ಬಾಗಿಲ ಹಿಂದೆ ನೀಲಿ ಫೋನು — ಊಟ ಆಯ್ತಮ್ಮ!
ಆ ಕಡೆ ಯಾರೂ ಇಲ್ಲ ಇನ್ನೂ — ನಿದ್ದೆ ಬಂತಮ್ಮ!

ಬೆರಳು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ? ಮುಂದೆ ಜನ ಹೆಬ್ಬೆರಳು ಕಿರುಬೆರಳು ಕಿವಿಗಿಟ್ಟುಕೊಂಡು ಕುಣೀತಿದ್ರು. ಊಟ ಆಯ್ತಮ್ಮ! ಊಟ ಆಯ್ತಮ್ಮ! ನಗು. ಹಾಡು ಮುಗಿದ ಮೇಲೆ ಅವಳು, ಬೆವರೊರೆಸಿಕೊಳ್ತಾ: "ಇದು ನನ್ನ ಕಥೆ."

ಅವಳ ಕಥೆ! ಅವಳಮ್ಮ ಸೈಡಲ್ಲೇ ನಿಂತಿದ್ರು, ಸೂಪ್ ಫ್ಲಾಸ್ಕ್ ಹಿಡ್ಕೊಂಡು. ಒಂದು ರಾತ್ರಿನೂ ಮನೆ ಬಿಟ್ಟು ಮಲಗಿದವಳಲ್ಲ.

ಅಕ್ಟೋಬರ್ 6

ಇಷ್ಟು ದಿನ ಬರೆಯೋಕಾಗಲಿಲ್ಲ. ವಿಡಿಯೋ ಎಲ್ಲರ ಫೋನಲ್ಲೂ ಇದೆ. ಮೆಸ್ ಕ್ಯೂನಲ್ಲಿ ಹಿಂದಿನವಳು ಗುನುಗ್ತಾಳೆ. ನಾನು ತಟ್ಟೆ ಹಿಡಿದು ನಿಂತಿರ್ತೀನಿ.

ಇವತ್ತು ಕಿಡಿ ಅಕ್ಕನನ್ನ ಕೇಳಿಯೇಬಿಟ್ಟೆ.

"ಯಾರ ಸಿಟ್ಟೋ ಅವರೇ ಹಾಡಬೇಕು ಅಂದಿದ್ದು ಯಾರಕ್ಕ?"

"ನೀನು ಹಾಡ್ತಿದ್ಯಾ?" ತಂತಿ ಬದಲಾಯಿಸ್ತಾ ಇದ್ದಳು, ತಲೆ ಎತ್ತಲಿಲ್ಲ. "ನಿಜ ಹೇಳು. ಮೈಕ್ ಕಂಡ್ರೆ ಬಿಳಿಚಿಕೊಳ್ತೀಯ. ನಿನ್ನೊಳಗೇ ಕೊಳೀತಿತ್ತು ಕಣೇ ಅದು. ನಾನು ಬಾಯಿ ಕೊಟ್ಟೆ."

"ನಿನ್ನ ಕಥೆ ಅಂದ್ಯಲ್ಲ."

"ನಿನ್ನ ಹೆಸರು ಹೇಳಬೇಕಿತ್ತಾ? ಉಳಿಸಿದೆ ಮಾರಾಯ್ತಿ ನಿನ್ನನ್ನ!"

ಡಬ್ಬಿ ಡ್ರಮ್ಮಿನ ಸ್ಕ್ರೂ ತಿರುಗಿಸ್ತಾನೇ ಇದ್ದಳು. ಬಿಗಿಯಾದದ್ದನ್ನೇ ಮತ್ತೆ ಬಿಗಿ ಮಾಡ್ತಿದ್ದಳು. ಆ ಹಾಡಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು.

ಕೊನೆಗೆ ಅಂಗಲಾಚಿದೆ. ಹದಿನೆಂಟಕ್ಕೆ ಟೌನ್ ಹಾಲಲ್ಲಿ ಶೋ. ಅಮ್ಮ ರಜೆ ಹಾಕಿ ಬರ್ತಿದ್ದಾಳೆ, ನನ್ನ ಯಾವ ಫಂಕ್ಷನ್ನಿಗೂ ಬರೋಕಾಗದ ಅಮ್ಮ. ಅದೊಂದು ಹಾಡು ಬೇಡ ಅಕ್ಕ, ಅಮ್ಮಂಗೆ ಗೊತ್ತಾಗಬಾರದು.

ಈಗ ತಲೆ ಎತ್ತಿದ್ಳು. "ಹಾಡಲ್ಲ. ಪ್ರಾಮಿಸ್. ಅಳಬೇಡ, ಬೇಸ್ ತುಕ್ಕು ಹಿಡಿಯುತ್ತೆ."

ನಕ್ಕುಬಿಟ್ಟೆ. ಥೂ, ನಕ್ಕೆ.

ಅಕ್ಟೋಬರ್ 18, ಶನಿವಾರ, ಶೋ ಮುಗಿದ ಮೇಲೆ

ಹಾಡಿದ್ಳು.

ರೆಕಾರ್ಡ್ ಕಂಪನಿಯವನು ಬಂದಿದ್ದ. ಮೊದಲ ಸಾಲಿಂದ ಕೈ ಕಿವಿಗಿಟ್ಟು ಸನ್ನೆ ಮಾಡಿದ — ಫೋನು, ಫೋನು. ಅವಳು ನನ್ನ ಕಡೆ ತಿರುಗಿದ್ಳು. ಒಂದು ಕ್ಷಣ ನಿಜಕ್ಕೂ ಕೇಳ್ತಿದ್ದಾಳೆ ಅನ್ನಿಸ್ತು. ತಲೆ ಅಲ್ಲಾಡಿಸಿದೆ, ಬೇಡ, ಬೇಡ. ಅವಳು ಡಬ್ಬಿ ಕಡೆ ತಿರುಗಿ ಒನ್ ಟೂ ತ್ರೀ ಅಂತ ಕೌಂಟ್ ಕೊಟ್ಟಳು.

ನಾನು ಬೇಸ್ ನುಡಿಸೋದು ಬಿಟ್ಟು ನಿಂತೆ. ಯಾರಿಗೂ ಗೊತ್ತಾಗಲಿಲ್ಲ. ಇಡೀ ಹಾಲೇ ನನ್ನ ಎರಡು ನೋಟನ್ನ ಕಾಲಲ್ಲಿ ಕುಟ್ತಿತ್ತು.

ಮೂರನೇ ಸಾಲಲ್ಲಿ ಅಮ್ಮ. ಸುತ್ತಲಿನವರನ್ನ ನೋಡಿ ತಾನೂ ಬೆರಳು ಕಿವಿಗಿಟ್ಟುಕೊಂಡ್ಳು. ನಾಚಿಕೊಂಡು ನಗ್ತಾ.

ಬಸ್ ಸ್ಟಾಪಲ್ಲಿ: "ಆ ಫೋನಿನ ಹಾಡು ಚೆನ್ನಾಗಿತ್ತು ಪುಟ್ಟೀ. ಆದ್ರೆ ಪಾಪ... ಅವಳಮ್ಮ ಎಂಥವಳಿರಬೇಕು?"

"ಒಳ್ಳೆಯವರೇ ಅಮ್ಮ," ಅಂದೆ. "ಸೂಪ್ ಕಳಿಸ್ತಾರೆ."

ಅಕ್ಟೋಬರ್ 21

ಕಂಪನಿಗೆ ಕಿಡಿ ಅಕ್ಕ ಒಬ್ಬಳೇ ಸಾಕಂತೆ. ಡಬ್ಬಿಯನ್ನೂ ಬಿಟ್ಟಳು. ಡಬ್ಬಿ ನನ್ನ ರೂಮಿಗೆ ಬಂದು, ಸುಕ್ಕಿಲ್ಲದ ನನ್ನ ಮಂಚದ ಮೇಲೆ ಕೂತು ಗೊಳೋ ಅಂತ ಅತ್ತಳು. ನೀರು ಕೊಟ್ಟೆ. ಸಮಾಧಾನ ಹೇಳೋ ಮನಸ್ಸು ಬರಲಿಲ್ಲ. ಅವಳು ಎದ್ದು ಹೋದ ಮೇಲೆ ಬೆಡ್‌ಶೀಟ್ ಸರಿಮಾಡಿದೆ.

ಅಕ್ಟೋಬರ್ 26, ಭಾನುವಾರ

ಮಧ್ಯಾಹ್ನ ಅಮ್ಮನ ಫೋನು. ಭಾನುವಾರ, ಡ್ಯೂಟಿ ಮಧ್ಯೆ. ಹಿಂದೆಲ್ಲೋ ಟ್ರಾಲಿ ಸದ್ದು.

"ಒಂದು ಕೇಳ್ಲಾ? ಆ ಹುಡುಗಿ ಯಾವ ಸ್ಕೂಲು?"

"ಯಾಕಮ್ಮ?"

"ಬಾಗಿಲ ಹಿಂದೆ ನೀಲಿ ಫೋನು ಅಂತಾಳಲ್ಲ. ವಾರದಿಂದ ಅದೇ ತಲೇಲಿ ಕೊರೀತಿದೆ."

ಕಿಡಿ ಅಕ್ಕ ಕದ್ದ ನನ್ನ ಕಥೆಯನ್ನ ಈಗ ನಾನೇ ಆ ಅಕ್ಕನ ಕೈಗಿಡಬೇಕು. ಇಟ್ಟೆ.

"ನಮ್ಮ ಸ್ಕೂಲೇ ಅಮ್ಮ. ನನಗಿಂತ ಎರಡು ವರ್ಷ ಸೀನಿಯರ್. ಅವಳದೇ ಕಥೆ ಅದು."

"ಹೌದಾ," ಅಂದ್ಳು. ಉದ್ದ ಉಸಿರು. "ಸದ್ಯ. ಪಾಪ, ಆದ್ರೂ ಸದ್ಯ... ಸರಿ, ವಾರ್ಡಲ್ಲಿ ಕರೀತಿದ್ದಾರೆ. ಊಟ ಮಾಡ್ದ್ಯಾ?"

ಯೋಚನೆ ಮಾಡದೆ, ರಿಸೀವರ್ ಹಿಡಿದ ಆ ಹಳೇ ಧಾಟಿಯಲ್ಲೇ ಬಂದುಬಿಡ್ತು: "ಊಟ ಆಯ್ತಮ್ಮ."

ಆ ಕಡೆ ಸದ್ದಿಲ್ಲ. ಕಟ್ ಆಗಿರಲಿಲ್ಲ, ಟ್ರಾಲಿ ಕೇಳ್ತಿತ್ತು.

"ಅಮ್ಮ?" ಅಂದೆ.

"ಪುಟ್ಟೀ," ಅಂದ್ಳು, "ನೀನು ಆ ಫೋನಲ್ಲಿ ಯಾರ ಜೊತೆ ಮಾತಾಡ್ತಿದ್ದೆ?"