ಹೆಡ್ಮಿಸ್ಸಿಗೆ ಬಾಗಿಲು ತೆಗೆದ ದಿನ

ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಈ ಕಾಗದ ಬಿಡಿಸುತ್ತಿರುವ ನನ್ನ ಚಿಕ್ಕಮ್ಮನಿಗೆ,

ಮೊದಲು ಆ ಸೂಜಿಗಳನ್ನು ಬಾಯಿಂದ ತೆಗೆ, ಆಮೇಲೆ ಓದು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಎತ್ತಿದರೆ ನಾವಿಬ್ಬರೂ ಬಿಸಿಲು ಹೇಗಿದೆ, ಮಂಡಿನೋವು ಹೇಗಿದೆ ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಏಳು ವರ್ಷದಿಂದ ಅದನ್ನೇ ಮಾಡಿದ್ದೇವೆ. ಅದಕ್ಕೇ ಕಾಗದ.

ಏಳು ವರ್ಷದ ಹಿಂದೆ ನಾನು ಆಡಿದ ಮಾತನ್ನು ನೀನು ಮರೆತಿಲ್ಲ. ನಾನೂ ಮರೆತಿಲ್ಲ. ಮಗಳು ಹುಟ್ಟಿದ ಒಂಬತ್ತನೆಯ ದಿನ ಅದು. ನೀನು ಹೊಲಿಗೆ ಅಂಗಡಿಗೆ ಬೀಗ ಜಡಿದು, ಹದಿನೆಂಟು ಪುಟಾಣಿ ಅಂಗಿ ಹೊಲಿದುಕೊಂಡು, ಗುಂಡಿ ಕಿತ್ತು ಮಗುವಿನ ಬಾಯಿಗೆ ಹೋದೀತೆಂದು ಎಲ್ಲಕ್ಕೂ ಲಾಡಿ ಹಾಕಿ, ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿದ್ದೆ. ಮಗು ಹಾಲು ಹಿಡಿಯದೆ ಕಿರುಚುತ್ತಿತ್ತು. ಅದನ್ನು ಮೊಣಕೈ ಮೇಲೆ ಬೋರಲು ಹಾಕಿಕೊಂಡು ನೀನು ಬೆನ್ನು ಸವರುತ್ತಿದ್ದೆ. ನಿದ್ದೆಗೆಟ್ಟ ನಾನು ಎದ್ದು ಬಂದು ಕಿತ್ತುಕೊಂಡೆ. “ಬಿಡು ಚಿಕ್ಕಮ್ಮ. ಹೆತ್ತವರಿಗೆ ಗೊತ್ತಾಗುತ್ತೆ. ನಿನಗೇನು ಗೊತ್ತು?”

“ಅದೂ ನಿಜಾನೇ” ಎಂದು ನೀನು ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಮಾರನೆಯ ದಿನ ಹೊರಟುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೆ ನೂರು ಸಲ ಹೇಳಿದವಳು ನೀನೇ. ಅಮ್ಮ ಪಾಳಿಯ ಕೆಲಸಕ್ಕೆ ಹೋದಾಗ ನಿನ್ನ ಕಿರುಬೆರಳು ಚೀಪುತ್ತಾ ಮಲಗುತ್ತಿದ್ದ ಮಗುವೇ ದೊಡ್ಡವಳಾಗಿ ನಿನಗೆ ಆ ಮಾತು ಅಂದಿತು.

ಈಗ ಆನೆಯ ವಿಷಯಕ್ಕೆ ಬರುತ್ತೇನೆ. ಎರಡೂ ಬೇರೆ ಬೇರೆ ವಿಷಯ ಎಂದು ಮೊನ್ನೆ ಬೆಳಗ್ಗೆ ಹತ್ತು ಗಂಟೆಯವರೆಗೆ ನಾನೂ ತಿಳಿದಿದ್ದೆ.

ನಮ್ಮ ಮೃಗಾಲಯದಲ್ಲಿ ಇರುವುದು ಎರಡೇ ಹೆಣ್ಣಾನೆ. ಹಿರಿಯವಳನ್ನು ನಾವು ಹೆಡ್ಮಿಸ್ಸು ಎನ್ನುತ್ತೇವೆ. ನಿನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಹುಲ್ಲಿನ ಗಾಡಿ ಐದು ನಿಮಿಷ ತಡವಾದರೆ ಸಾಕು, ಬಾಗಿಲ ಬಳಿ ನಿಂತು ಒಂದು ಕಾಲು ಅಲ್ಲಾಡಿಸುತ್ತಾ ಎಲ್ಲರನ್ನೂ ದಿಟ್ಟಿಸಿ ನೋಡುತ್ತಾಳೆ. ನಮ್ಮ ಡಾಕ್ಟರೇ ಟೋಪಿ ಸರಿಮಾಡಿಕೊಳ್ಳುತ್ತಾರೆ. ಕಿರಿಯವಳು ಪುಟ್ಟಿ. ತಾಯಿ ಸತ್ತು ಅನಾಥವಾಗಿದ್ದ ಪುಟ್ಟಿ ಹಾಲುಮರಿಯಾಗಿದ್ದಾಗಲೇ ನಮ್ಮಲ್ಲಿಗೆ ಬಂದಳು. ನನ್ನ ಕೈಯಿಂದಲೇ ಬಾಟಲಿ ಹಾಲು ಕುಡಿದು ಬೆಳೆದವಳು.

ಆನೆ ಬಸಿರಾಗುವುದೆಂದರೆ ನಿನಗೆ ಗೊತ್ತಾ ಚಿಕ್ಕಮ್ಮ? ಇಪ್ಪತ್ತು ವರ್ಷ ಈ ಕೆಲಸ ಮಾಡಿಯೂ ನನಗೆ ಬೆರಗು ಹೋಗಿಲ್ಲ. ಹೆಣ್ಣಾನೆ ಬೆದೆಗೆ ಬರುವುದು ಸುಮಾರು ನಾಲ್ಕು ತಿಂಗಳಿಗೊಮ್ಮೆ, ಅದೂ ಎರಡು ಮೂರು ದಿನದ ಮಟ್ಟಿಗೆ. ವಾರಕ್ಕೊಮ್ಮೆ ಪುಟ್ಟಿಯ ಕಿವಿಯ ಹಿಂದಿನ ನರದಿಂದ ರಕ್ತ ತೆಗೆದು, ಹಾರ್ಮೋನು ಅಳೆದು, ಗೋಡೆಯ ಮೇಲಿನ ಹಾಳೆಯಲ್ಲಿ ಗೆರೆ ಎಳೆಯುತ್ತೇವೆ. ಆ ದಿನ ಹತ್ತಿರ ಬಂದಾಗ ಒಂದು ಹಾರ್ಮೋನು ಎರಡು ಸಲ ಜಿಗಿಯುತ್ತದೆ, ಮೂರು ವಾರದ ಅಂತರದಲ್ಲಿ. ಮೊದಲ ಜಿಗಿತಕ್ಕೆ ಬಸಿರು ನಿಲ್ಲುವುದಿಲ್ಲ. ಎರಡನೆಯದೇ ನಿಜವಾದದ್ದು. ಹಾಗಾದರೆ ಮೊದಲನೆಯದು ಯಾಕೆ ಎಂದು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಯಾರಿಗೂ ತಿಳಿದಿಲ್ಲವಂತೆ. ಕಾಡಿನಲ್ಲಿ ಗಂಡಾನೆ ಬೇರೆ ಇರುತ್ತದೆ, ಎಷ್ಟೋ ಮೈಲಿ ದೂರ. ‘ನನ್ನ ದಿನ ಬರುತ್ತಿದೆ, ಈಗಲೇ ಹೊರಡು’ ಎಂದು ಮೊದಲೇ ಸುದ್ದಿ ಮುಟ್ಟಿಸಲಿಕ್ಕೆ ಇರಬಹುದು ಎಂದು ಕೆಲವರ ಊಹೆಯಂತೆ. ಊಹೆಯೇ ಇರಲಿ, ನನಗೆ ಮೈ ಜುಮ್ಮೆಂದಿತು. ಅವು ಕೂಗುವ ಕೂಗು ಕೂಡ ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿಯದು. ಬೆಟ್ಟದಾಚೆಯ ಸಲಗಕ್ಕೆ ಕೇಳುವ ದನಿ ಪಕ್ಕದಲ್ಲೇ ನಿಂತ ನನಗೆ ಕೇಳುವುದಿಲ್ಲ. ಕಬ್ಬಿಣದ ಸರಳಿನ ಮೇಲೆ ಕೈ ಇಟ್ಟರೆ ಮಾತ್ರ ಅಂಗೈ ಗುಂಯ್‌ಗುಡುತ್ತದೆ.

ನಮ್ಮಲ್ಲಿ ಮೊದಲಿದ್ದ ಗಂಡಾನೆ ಪುಟ್ಟಿಯ ಜೊತೆಗೇ ಆಡಿ ಬೆಳೆದವನು. ಅವನ ಹತ್ತಿರ ಬಿಟ್ಟರೆ ಅಣ್ಣತಂಗಿಯ ಹಾಗೆ ಒಂದೇ ರಾಶಿಯ ಹುಲ್ಲು ಮೇಯ್ದು ಆಚೀಚೆ ಹೋಗುತ್ತಿದ್ದರು. ಕಾಡಿನಲ್ಲಾದರೆ ಗಂಡುಮರಿ ಬೆಳೆದ ಮೇಲೆ ಮನೆ ಬಿಟ್ಟು ಹೋಗುತ್ತದೆ. ನಾವು ಅವನನ್ನು ಮನೆಯಲ್ಲೇ ಇಟ್ಟುಕೊಂಡು ಮದುವೆಯಾಗು ಎಂದರೆ ಹೇಗೆ? ಕೊನೆಗೆ ಬೇರೆ ಮೃಗಾಲಯದಿಂದ ಒಬ್ಬನನ್ನು ಲಾರಿಯಲ್ಲಿ ಕರೆಸಿದೆವು. ಅವನಿಗೆ ಅಳಿಯ ಎಂದೇ ಹೆಸರು. ಮೂರು ದಿನ ಉಪಚಾರ ಮಾಡಿಸಿಕೊಂಡು ಮುಖ ಊದಿಸಿಕೊಂಡಿದ್ದ. ಮದ ಬಂದು ಕೆನ್ನೆಯ ಮೇಲೆ ನೀರಿಳಿದ ಮೇಲೆ ಬೇರೆಯೇ ಗತ್ತು. ಅವನೂ ಪುಟ್ಟಿಯೂ ಕೂಡಿದ ದಿನ ಹೆಡ್ಮಿಸ್ಸು ಓಡಿ ಬಂದು, ಕಿವಿ ಬಡಿಯುತ್ತಾ, ಸೊಂಡಿಲೆತ್ತಿ ಊರೆಲ್ಲ ಕೇಳುವಂತೆ ಘೀಳಿಟ್ಟಳು. ಕಾಡಿನಲ್ಲೂ ಹೀಗೆಯೇ, ಬಳಗದ ಹೆಂಗಸರೆಲ್ಲ ಸೇರಿ ಗದ್ದಲ ಎಬ್ಬಿಸುತ್ತಾರಂತೆ. ಹೆಡ್ಮಿಸ್ಸಿಗೆ ಅದನ್ನು ಯಾರು ಹೇಳಿಕೊಟ್ಟರೋ.

ಅವಳ ಗೆರೆಯೂ ಗೋಡೆಯ ಮೇಲಿದೆ. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೃಗಾಲಯದ ಹೆಣ್ಣಾನೆ ವಯಸ್ಸಿನಲ್ಲಿ ಒಂದು ಸಲವೂ ಹೆರದಿದ್ದರೆ ಎಷ್ಟೋ ಸಲ ಬೆದೆಯೇ ನಿಂತುಹೋಗುತ್ತದೆ. ಅವಳಿಗೆ ಸರಿಯಾದ ಜೊತೆ ತರಬೇಕೆಂದು ಆ ಕಾಲದವರಿಗೆ ಹೊಳೆಯಲಿಲ್ಲ.

ಪುಟ್ಟಿ ಇಪ್ಪತ್ತೆರಡು ತಿಂಗಳು ಹೊತ್ತಳು. ಒಂಬತ್ತು ತಿಂಗಳಿಗೇ ನಾನು ಮನೆಯವರ ಪ್ರಾಣ ತಿಂದದ್ದು ನಿನಗೆ ನೆನಪಿರಬೇಕು. ಹೆರಿಗೆಗೆ ಏನೇನು ಮಾಡಬೇಕೆಂದು ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪದ್ಧತಿಯನ್ನೇ ಬರೆದೆ: ತಾಯಿಯ ಒಂದು ಕಾಲಿಗೆ ಸರಪಳಿ, ಮರಿ ಬಿದ್ದ ಕೂಡಲೇ ಹಗ್ಗ ಹಾಕಿ ಈಚೆಗೆಳೆದು ಒರೆಸುವುದು, ತೂಕ ನೋಡಿ ವಾಪಸು ಬಿಡುವುದು. ನಾಲ್ಕನೆಯ ಸಾಲು, ನನ್ನದೇ ಅಕ್ಷರ: ‘ಹೆತ್ತು ಅನುಭವವಿಲ್ಲದ ಹಿರಿಯ ಆನೆಯನ್ನು ದೂರವಿಡುವುದು.’ ಡಾಕ್ಟರು ಸಹಿ ಹಾಕಿದರು. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ ಚಿಕ್ಕಮ್ಮ. ಊಟದ ಹೊತ್ತಾಯಿತೆಂದು ಪೆನ್ನು ಮುಚ್ಚಿ ಎದ್ದೆ.

ಆನೆ ಸಾಮಾನ್ಯವಾಗಿ ಕತ್ತಲಲ್ಲಿ ಹೆರುತ್ತದೆ. ನಮ್ಮವಳು ಬೆಳಗ್ಗೆ ಹತ್ತಕ್ಕೆ, ಗೇಟಿನಲ್ಲಿ ಶಾಲೆಯ ಮಕ್ಕಳ ಬಸ್ಸು ನಿಂತಿರುವಾಗ ಹೆತ್ತಳು. ನೋವು ಶುರುವಾದಾಗಿನಿಂದ ಹೆಡ್ಮಿಸ್ಸು ಪಕ್ಕದ ಕೋಣೆಯಲ್ಲಿ ಸರಿಯುವ ಕಬ್ಬಿಣದ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ನೀರು ಮುಟ್ಟಲಿಲ್ಲ. ನಾನು ಎರಡು ಸಲ ಗದರಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರಿ ಬಿತ್ತು. ಒದ್ದೆಯಾದ, ಕೂದಲು ಕೂದಲಿನ, ನೂರು ಕಿಲೋದ ಒಂದು ಮುದ್ದೆ. ಪುಟ್ಟಿ ತಿರುಗಿ ನೋಡಿ ಬೆದರಿಬಿಟ್ಟಳು. ಕಾಡಿನಲ್ಲಾದರೆ ಅವಳ ವಯಸ್ಸಿಗೆ ಅಮ್ಮನ, ಅಕ್ಕಂದಿರ ಹೆರಿಗೆ ಎಷ್ಟು ನೋಡಿರುತ್ತಿದ್ದಳೋ, ಎಷ್ಟು ಮರಿ ಸಾಕಿರುತ್ತಿದ್ದಳೋ. ಬಾಟಲಿ ಹಾಲಿನಲ್ಲಿ ಬೆಳೆದವಳು ಏನು ಕಂಡಾಳು? ತನ್ನ ಕಾಲ ಬಳಿ ಮಿಸುಕಾಡುತ್ತಿರುವುದು ಏನೆಂದೇ ತಿಳಿಯದೆ ಒದ್ದಳು. ಮರಿ ಜಾರಿ ಹೋಗಿ ಆಚೆ ಗೋಡೆಯ ಮೂಲೆಗೆ ಬಿತ್ತು. ನಮ್ಮ ಹಗ್ಗ ಅಲ್ಲಿಗೆ ಮುಟ್ಟದು. ಒಳಗೆ ಹೋದವರು ಜೀವಸಹಿತ ಬರುವಂತಿರಲಿಲ್ಲ. ಮರಿಯ ಮುಖದ ಮೇಲೆ ಪೊರೆ ಹಾಗೆಯೇ ಅಂಟಿಕೊಂಡಿತ್ತು, ಉಸಿರಿಗೆ ಅದು ಏಳುತ್ತಾ ಬೀಳುತ್ತಾ ಇತ್ತು. ಪುಟ್ಟಿ ಸರಪಳಿ ಜಗ್ಗಿಕೊಂಡು ಮತ್ತೆ ಕಾಲೆತ್ತಿದಳು.

ಬಾಗಿಲು ಸರಿಸುವ ಸನ್ನೆಕೋಲು ನನ್ನ ಕೈಯಲ್ಲಿತ್ತು. ಡಾಕ್ಟರು ನನ್ನ ಮುಖ ನೋಡಿದರು. “ತೆಗೀಬೇಡಿ. ಅದಕ್ಕೇನು ಗೊತ್ತು? ಅದು ಹೆತ್ತದ್ದಾ?”

ನನ್ನದೇ ಮಾತು ಚಿಕ್ಕಮ್ಮ, ಅದೇ ಮಾತು. ಪಾಪ, ಅವರ ತಪ್ಪೇನಿಲ್ಲ. ನಾನು ಬರೆದುಕೊಟ್ಟದ್ದನ್ನೇ ಅವರು ಹೇಳಿದರು.

“ಬರೆದವಳು ನಾನೇ, ಅಳಿಸೋಳೂ ನಾನೇ” ಎಂದು ಸನ್ನೆಕೋಲು ಎಳೆದೆ.

ಆನೆ ನಡೆದದ್ದೇ ದಾರಿ ಎನ್ನುತ್ತಾರಲ್ಲ. ಅವಳು ಓಡಿ ಬರಲಿಲ್ಲ. ಅಡುಗೆಮನೆಗೆ ಬರುವಷ್ಟು ಸಾವಧಾನವಾಗಿ ಬಂದಳು. ಮೊದಲು ಹೋದದ್ದು ಮರಿಯ ಹತ್ತಿರ ಅಲ್ಲ, ಪುಟ್ಟಿಯ ಹತ್ತಿರ. ಸೊಂಡಿಲಿನ ತುದಿಯನ್ನು ಪುಟ್ಟಿಯ ಬಾಯಿಯೊಳಗಿಟ್ಟು, ಮೈಗೆ ಮೈ ಒತ್ತಿ ನಿಂತಳು. ನನ್ನ ಅಂಗೈ ಕೆಳಗಿನ ಸರಳು ನಡುಗತೊಡಗಿತು. ಏನು ಹೇಳಿದಳೋ, ನನಗೆ ಕೇಳದ ಭಾಷೆ ಅದು. ಎತ್ತಿದ್ದ ಕಾಲನ್ನು ಪುಟ್ಟಿ ಮೆಲ್ಲಗೆ ಕೆಳಗಿಟ್ಟಳು.

ಆಮೇಲೆ ಹೆಡ್ಮಿಸ್ಸು ಮೂಲೆಗೆ ಹೋದಳು. ಅಷ್ಟು ದೊಡ್ಡ ಸೊಂಡಿಲು ಆ ಪೊರೆಯನ್ನು ನೀನು ನೂಲಿನ ಎಳೆ ಬಿಡಿಸುವ ಹಾಗೆ ಬಿಡಿಸಿತು. ಮರಿ ಸೀನಿತು. ಮುಂಗಾಲನ್ನು ಅದರ ಹೊಟ್ಟೆಯಡಿ ತೂರಿಸಿ, ಸೊಂಡಿಲಿನಲ್ಲಿ ಸುತ್ತಿ ಎಬ್ಬಿಸಿದಳು. ಅದು ಮುಗ್ಗರಿಸಿತು, ಮತ್ತೆ ಎಬ್ಬಿಸಿದಳು. ಹಾಗೆಯೇ ತಳ್ಳಿಕೊಂಡು ಪುಟ್ಟಿಯ ಮುಂಗಾಲುಗಳ ನಡುವೆ ತಂದು ನಿಲ್ಲಿಸಿದಳು. ಆನೆಗೆ ಮೊಲೆ ಇರುವುದು ಅಲ್ಲಿ, ನಮ್ಮ ಹಾಗೆ ಎದೆಯಲ್ಲಿ. ಪುಟ್ಟಿ ಮೂರು ಸಲ ಸರಿದಳು. ಮೂರು ಸಲವೂ ಹೆಡ್ಮಿಸ್ಸು ಅಡ್ಡ ನಿಂತಳು. ನಾಲ್ಕನೆಯ ಸಲ ಮರಿ ಪುಟ್ಟ ಸೊಂಡಿಲನ್ನು ಹಣೆಯ ಮೇಲೆ ಮಡಿಚಿಕೊಂಡು ಬಾಯಿ ಹಾಕಿತು. ಚೀಪುವ ಸದ್ದು ಕೇಳಿತು. ಪುಟ್ಟಿ ಕಿವಿ ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ನಿಂತಳು, ತನ್ನ ಮೈಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಿಸಿಕೊಳ್ಳುವ ಹಾಗೆ.

ಎಲ್ಲಿ ಕಲಿತಳು ಹೆಡ್ಮಿಸ್ಸು? ಕಾಡಿನಿಂದ ತಂದಾಗ ನಾಲ್ಕೈದು ವರ್ಷದವಳಂತೆ. ಅಷ್ಟರಲ್ಲಿ ಯಾವುದೋ ಮರದ ನೆರಳಲ್ಲಿ, ಯಾರದೋ ಹೆರಿಗೆಯನ್ನು ಅಮ್ಮನ ಕಾಲ ಸಂದಿಯಿಂದ ಇಣುಕಿ ನೋಡಿರಬಹುದು. ಒಂದು ಸಲ ನೋಡಿದ್ದನ್ನು ಐವತ್ತು ವರ್ಷ ಕಬ್ಬಿಣದ ಮನೆಯಲ್ಲಿ ಇಟ್ಟುಕೊಂಡು ಕಾದಿದ್ದಳೋ ಏನೋ. ಅಥವಾ ನೋಡದೆಯೂ ಬರುತ್ತದೋ. ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ, ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ಸಂಜೆ ಮರಿ ಮತ್ತೆ ಹಸಿದು, ಗೊತ್ತಾಗದೆ ಹೆಡ್ಮಿಸ್ಸಿನ ಎದೆಗೆ ಬಾಯಿ ಹಾಕಿತು. ಹಾಲಿಲ್ಲದ ಮೊಲೆ. ಅವಳು ಸರಿಯಲಿಲ್ಲ, ಅದಕ್ಕೆ ಅನುಕೂಲವಾಗಲೆಂದು ಒಂದು ಕಾಲು ಮುಂದಿಟ್ಟು ನಿಂತಳು. ನಾನು ಹುಲ್ಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ನಿನ್ನ ಕಿರುಬೆರಳಿನ ರುಚಿ ನನ್ನ ನಾಲಿಗೆಗೆ ಬಂತು.

ಯೋಜನೆ ಮುರಿದದ್ದಕ್ಕೆ ಕಚೇರಿಯವರು ವಿವರಣೆ ಕೇಳಿದರು. ಎರಡೇ ಸಾಲು ಬರೆದುಕೊಟ್ಟೆ: ನಾಲ್ಕನೆಯ ಸಾಲು ತಪ್ಪಿತ್ತು, ತಪ್ಪು ನನ್ನದು. ಪೂರ್ತಿ ವಿವರಣೆ ನಿನಗೆ ಸಲ್ಲಬೇಕಾದದ್ದು, ಇದೋ ಬರೆದಿದ್ದೇನೆ. ನಾನು ಅಂದದ್ದು ಸುಳ್ಳು ಚಿಕ್ಕಮ್ಮ. ನೀನು ‘ಅದೂ ನಿಜಾನೇ’ ಎಂದದ್ದೂ ಸುಳ್ಳು. ನಿನಗೆ ಗೊತ್ತಿತ್ತು. ಆ ದಿನ ನೀನು ಸವರುತ್ತಿದ್ದ ಹಾಗೆಯೇ ಬೆನ್ನು ಸವರಿದ ಮೇಲೆ ತಾನೇ ಮಗು ಹಾಲು ಹಿಡಿದದ್ದು? ನೀನು ಹೋದ ಮೇಲೆ ಕದ್ದು ನಿನ್ನ ಹಾಗೆಯೇ ಮಾಡಿದೆ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಪ್ರತಿ ವರ್ಷ ನೀನು ಮಗಳಿಗೆ ಹೊಲಿದು ಕಳಿಸುವ ಬಟ್ಟೆ ಒಂದು ಸಲವೂ ಬಿಗಿಯಾಗಲಿಲ್ಲ, ಸಡಿಲವಾಗಲಿಲ್ಲ. ಏಳು ವರ್ಷ ಕಣ್ಣಾರೆ ನೋಡದ ಮಗುವಿಗೆ ಇಷ್ಟು ಸರಿಯಾಗಿ ಹೇಗೆ ಹೊಲಿಯುತ್ತಾಳೆ ಎಂದು ಬೆರಗಾಗುತ್ತಿದ್ದೆ. ಕಳ್ಳ ಈಗ ಸಿಕ್ಕಿಬಿದ್ದಿದ್ದಾನೆ. ನನ್ನ ಯಜಮಾನರು ಅವಳು ಮಲಗಿದಾಗ ಟೇಪು ಹಿಡಿದು ಅಳೆದು ನಿನಗೆ ಫೋನು ಮಾಡುತ್ತಾರಂತೆ. ಇನ್ನು ಮುಂದೆ ಒಂದು ಅಂಗುಲದ ಲೆಕ್ಕವನ್ನೂ ಕಳಿಸಕೂಡದೆಂದು ಅವರಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದೇನೆ.

ಅವಳು ಈ ವರ್ಷ ತುಂಬಾ ಉದ್ದ ಆಗಿದ್ದಾಳೆ. ಹಳೆಯ ಅಳತೆಗೆ ಹೊಲಿದರೆ ಆಗುವುದಿಲ್ಲ. ಟೇಪು ಕುತ್ತಿಗೆಗೆ ಹಾಕಿಕೊಂಡು ಬಂದು ನೀನೇ ಅಳತೆ ತೆಗೆದುಕೋ.

ನಿನ್ನ ಕಣ್ಣೂ ಬೆರಳೂ ನೂರು ಕಾಲ ಚೆನ್ನಾಗಿರಲಿ ಎಂದು ಹಾರೈಸುತ್ತಾ, ಬಸ್ಸಿನ ಹೊತ್ತು ತಿಳಿಸಿದರೆ ನಿಲ್ದಾಣದಲ್ಲಿ ಮಗಳೊಂದಿಗೆ ಕಾದಿರುವ,

ನಿನ್ನ ಬಾಯಿಬಡುಕಿ